ಆರು ಬಾಟಲಿ ಹಳ್ಳದ ನೀರು

ಹಳ್ಳದ ನೀರನ್ನು ಬಾಟಲಿಗೆ ತುಂಬುವುದಕ್ಕೂ ಒಂದು ಕ್ರಮವಿದೆ ಎಂಬುದನ್ನು ನಾನು ಕಲಿತದ್ದು ರಸಾಯನಶಾಸ್ತ್ರದಲ್ಲಿ ಪದವಿ ಪಡೆದ ಮೇಲೆ, ಹತ್ತನೆಯ ತರಗತಿಗೆ ಶಾಲೆ ಬಿಟ್ಟಿದ್ದ ಒಬ್ಬರಿಂದ. ಅವರು ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ, ಚಪ್ಪಲಿಗಳನ್ನು ದಂಡೆಯ ಮೇಲೆ ಜೋಡಿಸಿಟ್ಟು, ನೀರು ತುಂಬಬೇಕಾದ ಜಾಗಕ್ಕಿಂತ ಹತ್ತು ಹೆಜ್ಜೆ ಕೆಳಗೆ ಹಳ್ಳಕ್ಕೆ ಇಳಿಯುತ್ತಿದ್ದರು. ಅಲ್ಲಿಂದ ಹರಿವಿಗೆ ಎದುರಾಗಿ ನಿಧಾನವಾಗಿ ನಡೆದು ಬಂದು, ಕಾಲಿನಿಂದ ಎದ್ದ ರಾಡಿಯೆಲ್ಲ ಹಿಂದಕ್ಕೆ ಹರಿದುಹೋಗುವವರೆಗೆ ಸುಮ್ಮನೆ ನಿಂತಿರುತ್ತಿದ್ದರು. ಆಮೇಲೆ ಅದೇ ಹಳ್ಳದ ನೀರನ್ನು ಬಾಟಲಿಗೆ ಮೂರು ಸಲ ಹಾಕಿ, ಮೂರು ಸಲ ಕುಲುಕಿ, ಬೆನ್ನ ಹಿಂದಕ್ಕೆ ಚೆಲ್ಲುತ್ತಿದ್ದರು. ನಾಲ್ಕನೆಯ ಸಲ ತುಂಬಿದ್ದು ಮಾತ್ರ ಪ್ರಯೋಗಾಲಯಕ್ಕೆ. ಬಾಟಲಿಯ ಬಾಯಿಗೆ ಅವರ ಬೆರಳು ತಾಗಿದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ.

"ನಮ್ಮ ಕಾಲಿನ ರಾಡಿ ನಾವ ತುಂಬಿಕೊಂಡ ಹೋದ್ರ, ಹಳ್ಳದ್ದೇನ ತಪ್ಪರಿ?" ಎನ್ನುತ್ತಿದ್ದರು.

ಅವರು ಹೋದ ತಿಂಗಳು ತೀರಿಕೊಂಡರು. ನಾನು ಈಗ ರಾಮದುರ್ಗದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೇನೆ. ಬೈಲಹೊಂಗಲದಲ್ಲಿ ನಮ್ಮಿಬ್ಬರೊಡನೆ ಕೆಲಸ ಮಾಡಿದ್ದ ಗುಮಾಸ್ತರೊಬ್ಬರು ಫೋನ್ ಮಾಡಿ ಸುದ್ದಿ ತಿಳಿಸಿದರು. ತೀರಿಕೊಂಡವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದನ್ನು ಬರೆಯುವ ಹಕ್ಕು ನನಗೆ ಉಳಿದಿದೆಯೇ ಎಂಬ ಬಗ್ಗೆ ಅನುಮಾನವಿದೆ. ಕಾರಣ ಮುಂದೆ ತಿಳಿಯುತ್ತದೆ.

ಬೈಲಹೊಂಗಲದಲ್ಲಿ ಆಗ ನೀರು ಪರೀಕ್ಷಿಸುವ ಒಂದು ಚಿಕ್ಕ ಪ್ರಯೋಗಾಲಯವಿತ್ತು. ಎರಡು ಕೋಣೆ, ಒಂದು ಕಲ್ಲಿನ ಕಟ್ಟೆ, ಅದರ ಮೇಲೆ ಗಾಜಿನ ಸಾಮಾನು. ಕೆಮಿಸ್ಟರ ಹುದ್ದೆ ಬಹುಕಾಲದಿಂದ ಖಾಲಿ ಇದ್ದುದರಿಂದ, ಗುತ್ತಿಗೆಯ ಆಧಾರದ ಮೇಲೆ ಸಹಾಯಕಿಯಾಗಿ ಬಂದ ನಾನೇ ಪರೀಕ್ಷೆಗಳನ್ನೂ ಮಾಡಬೇಕಾಯಿತು. ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗಳು. ಏನಾದರೂ ಗೊತ್ತಿಲ್ಲ ಎಂದು ಒಪ್ಪಿಕೊಂಡರೆ ಆ ಪದವಿಯನ್ನು ಯಾರೋ ಬಂದು ವಾಪಸು ಕೇಳುತ್ತಾರೆ ಎಂಬ ಭಯ ನನಗಿತ್ತು. ಇದು ತಮಾಷೆಯ ಮಾತಲ್ಲ. ಮುಂದೆ ನಡೆದುದಕ್ಕೆಲ್ಲ ಈ ಭಯವೇ ಮೂಲ.

ಅವರದು ನೀರಿನ ಮಾದರಿ ತರುವ ಮತ್ತು ಬಾಟಲಿ ತೊಳೆಯುವ ಕೆಲಸ. ಎತ್ತರದ, ತೆಳ್ಳಗಿನ ಮನುಷ್ಯ. ಅಂಗಿಯ ಮೇಲಿನ ಗುಂಡಿಯನ್ನೂ ಹಾಕಿಕೊಳ್ಳುತ್ತಿದ್ದರು. ಮೊದಲ ದಿನ ನಾನು ಅವರನ್ನು "ಕಾಕಾ" ಎಂದು ಕರೆದಾಗ, ಗುಮಾಸ್ತರ ಕಡೆಗೆ ಒಮ್ಮೆ ನೋಡಿ, ಮೆಲ್ಲಗೆ ಹೇಳಿದರು: "ಆಫೀಸಿನಾಗ ನೀವು ಮೇಡಂ. ಹಳ್ಳಕ್ಕ ಬಂದ್ರ ತಂಗಿ. ಎರಡೂ ಕೂಡಿಸಬ್ಯಾಡ್ರಿ, ಸಾಹೇಬರಿಗೆ ತಿಳಿಯೂದಿಲ್ಲ."

ಗುಮಾಸ್ತರು ತಲೆ ಎತ್ತದೆಯೇ, "ಮತ್ತ ನಾ ಏನಪಾ?" ಎಂದರು.

"ನೀವು ಆಫೀಸಿನಾಗೂ ಅಷ್ಟ, ಹಳ್ಳದಾಗೂ ಅಷ್ಟರಿ. ಎಲ್ಲಿ ಇಟ್ರೂ ಕುಂತಿರತೀರಿ."

ಪ್ರತಿ ತಿಂಗಳು ಅವರು ಒಂದೇ ಹಳ್ಳದ ಆರು ಜಾಗಗಳಿಂದ ಆರು ಬಾಟಲಿ ನೀರು ತರುತ್ತಿದ್ದರು. ಕಿತ್ತೂರಿನ ಆಚೆಯ ಗುಡ್ಡದಲ್ಲಿ ಹುಟ್ಟಿ, ಹೊಲಗಳ ನಡುವೆ ಹಾದು, ಕೊನೆಗೆ ಮಲಪ್ರಭೆಯನ್ನು ಸೇರುವ ಹಳ್ಳ ಅದು. ಹೆಸರೇನೂ ಇಲ್ಲ. ಅದರ ಪಕ್ಕದ ಊರುಗಳವರೆಲ್ಲ ಅದನ್ನು ತಮ್ಮ ಊರಿನ ಹಳ್ಳವೆಂದೇ ಕರೆಯುತ್ತಾರೆ. ಆರನೆಯ ಜಾಗ ಅವರ ಸ್ವಂತ ಊರು. ಹಳ್ಳದ ದಂಡೆಯಲ್ಲಿ, ಹಳ್ಳದ ನೀರೇ ಇಂಗಿ ತುಂಬುವ ಒಂದು ಬಾವಿ ಇದೆ, ಇಡೀ ಊರು ಅದರದೇ ನೀರು ಕುಡಿಯುತ್ತದೆ. ಈಚೆಗೆ ಮನೆಮನೆಗೆ ನಳ ಬಂದಿವೆ ಎಂಬುದು ನಿಜ. ನಳದಲ್ಲಿ ಬರುವುದೂ ಆ ಬಾವಿಯ ನೀರೇ.

ಅವರು ಬೆಳಿಗ್ಗೆ ಮನೆಯಿಂದ ಹೊರಡುವಾಗ ಆರನೆಯ ಬಾಟಲಿ ತುಂಬಿ, ಹಳ್ಳದ ಗುಂಟ ಮೇಲೆ ಮೇಲೆ ಹೋಗಿ, ಮಧ್ಯಾಹ್ನ ಗುಡ್ಡದ ಸೆಲೆಯಲ್ಲಿ ಒಂದನೆಯ ಬಾಟಲಿ ತುಂಬುತ್ತಿದ್ದರು. ಆಮೇಲೆ ಕಿತ್ತೂರಿಗೆ ಇಳಿದು, ಒದ್ದೆ ಗೋಣಿಚೀಲದಲ್ಲಿ ಸುತ್ತಿದ ಬಾಟಲಿಗಳೊಂದಿಗೆ ಬಸ್ಸು ಹತ್ತಿ, ಬಿಸಿಲು ಇಳಿಯುವ ಮೊದಲೇ ಬೈಲಹೊಂಗಲಕ್ಕೆ ಬರುತ್ತಿದ್ದರು. ಕೆಲವು ಸಲ ನಾನೂ ಜೊತೆಗೆ ಹೋಗಿದ್ದೇನೆ. ಪುಸ್ತಕದಲ್ಲಿ ಓದಿದ್ದನ್ನು ಕಣ್ಣಿನಿಂದ ನೋಡಬೇಕೆಂಬ ಆಸೆ ನನಗೆ. ನನಗೆ ಬಿಸಿಲು ತಾಗೀತೆಂಬ ಚಿಂತೆ ಅವರಿಗೆ.

ಮೊದಲ ಸಲ ಹೋದ ದಿನ ಅವರು ತೋರಿಸಿದ ಹಳ್ಳವನ್ನು ನಾನು ಇಂದಿಗೂ ಮಕ್ಕಳಿಗೆ ಪಾಠವಾಗಿ ಹೇಳುತ್ತೇನೆ. ಐದನೆಯ ಜಾಗ ಕಪ್ಪು ಮಣ್ಣಿನ ಎರಿ ಹೊಲಗಳ ನಡುವೆ, ಹತ್ತಿ ಮತ್ತು ಕಡಲೆಯ ಭೂಮಿ. ಅಲ್ಲಿ ನೀರು ಗಡುಸಾಗುತ್ತದೆ, ಸಾಬೂನು ನೊರೆ ಬಿಡುವುದಿಲ್ಲ. ನಾಲ್ಕನೆಯದು ಒಂದು ದೊಡ್ಡ ಊರಿನ ಗಟಾರು ಬಂದು ಕೂಡುವ ಕಡೆ. "ಇಲ್ಲಿ ಉಪ್ಪು ಏರತೈತ್ರಿ. ಮಂದಿ ಎಲ್ಲಿ ಇರತಾರೋ ಅಲ್ಲಿ ನೀರು ಉಪ್ಪ ಹೇಳತೈತಿ" ಎಂದರು. ಮೂರನೆಯದು ಕಬ್ಬಿನ ಪಟ್ಟಿ, ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಯ ಕಡೆಗೆ ಟ್ರ್ಯಾಕ್ಟರುಗಳು ಸಾಲುಗಟ್ಟುವ ಸೀಮೆ. ಅಲ್ಲಿ ನೈಟ್ರೇಟ್. ಯೂರಿಯಾದಿಂದ, ಸಗಣಿಯಿಂದ, ಕೊಳಚೆಯಿಂದ ನೀರಿಗೆ ಇಳಿಯುವ ಈ ಲವಣಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ತಿಳಿಯುವುದಿಲ್ಲ. ಎರಡನೆಯದು ಗುಡ್ಡದ ಬುಡದ ಕೆಂಪು ಮಣ್ಣಿನ ಮಸಾರಿ ಹೊಲ, ಮಳೆಯನ್ನೇ ನಂಬಿದ ಸೋಯಾ ಮತ್ತು ಶೇಂಗಾ. ಒಂದನೆಯದು ಗುಡ್ಡ, ಬರಿಯ ಹುಲ್ಲು, ಒಂದಿಷ್ಟು ಕುರಿ.

"ಹಳ್ಳ ತಾನಾಗೇ ಏನೂ ಮಾಡೂದಿಲ್ಲ ತಂಗಿ. ಮ್ಯಾಲಿನವರು ಏನ್ ಮಾಡಿರತಾರ ಅದನ್ನ ಹೊತ್ಕೊಂಡ ಕೆಳಗ ಬರತೈತಿ" ಎಂದರು ಅವರು. ಇದನ್ನೇ ನನ್ನ ಪಠ್ಯಪುಸ್ತಕ ಎರಡು ಪುಟಗಳಲ್ಲಿ ಹೇಳಿತ್ತು.

ಮೂರನೆಯ ಜಾಗ ತಲುಪಿದಾಗ ನಾನು ಸಂಕೋಚದಿಂದ ಹೇಳಿದೆ: "ಕಾಕಾ, ಇದು ನಮ್ಮಪ್ಪನ ಹೊಲ."

"ನನಗ ಗೊತ್ತೈತ್ರಿ. ನೀರಿಗೆ ಗೊತ್ತಿಲ್ಲ" ಎಂದು ಹೇಳಿ ಅವರು ಹಳ್ಳಕ್ಕೆ ಇಳಿದರು.

ನನ್ನ ತಂದೆ ಬದುವಿನ ಮೇಲಿಂದ ನಮ್ಮನ್ನು ನೋಡಿ ಸಂತೋಷಪಟ್ಟು ಕರೆದರು. ಮಗಳು ಸರ್ಕಾರಿ ಬಾಟಲಿ ಹಿಡಿದು ಬಂದಿದ್ದಾಳೆ ಎಂಬ ಹೆಮ್ಮೆ. ಕಬ್ಬು ಹೇಗಿದೆ ಎಂದು ಕೇಳಿದ್ದಕ್ಕೆ, "ಕರ್ರಗ ಬಂದೈತಿ ನೋಡವಾ. ಮಂದಿ ಮೂರು ಚೀಲ ಹಾಕಿದ್ರ ನಾ ಐದು ಹಾಕೇನಿ" ಎಂದರು. ನನಗೆ ಸ್ಟೀಲಿನ ತಂಬಿಗೆಯಲ್ಲಿ ನೀರು ಕೊಟ್ಟರು. ಕಾಕಾಗೆ ಪ್ಲಾಸ್ಟಿಕ್ಕಿನ ಲೋಟದಲ್ಲಿ ಕೊಟ್ಟರು. ಅವರದು ಬೌದ್ಧರ ಮನೆತನ. ಅವರ ಅಜ್ಜನ ಕಾಲದಲ್ಲಿ ಅವರ ಓಣಿಯವರು ಊರ ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ ಎಂಬುದು ನನಗೆ ಗೊತ್ತಿತ್ತು. ಲೋಟವನ್ನು ನಾನು ಗಮನಿಸಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಗಮನಿಸಿಯೂ ಸುಮ್ಮನಿದ್ದೆ. ಅವರು ನೀರು ಕುಡಿದು, ಲೋಟವನ್ನು ತಾವೇ ತೊಳೆದು, ಬೋರಲು ಹಾಕಿ, ನನ್ನ ತಂದೆಗೆ ಹೇಳಿದರು: "ಗೌಡ್ರ, ಮಳಿ ಮುಂದ ಇಟ್ಕೊಂಡ ಗೊಬ್ಬರ ಉಗ್ಗಬ್ಯಾಡ್ರಿ. ಮಳಿ ಬಂದು ಹೋದ ಮ್ಯಾಲ ಹಾಕಿದ್ರ ಬೆಳಿಗೂ ಹತ್ತತೈತಿ."

ನನ್ನ ತಂದೆ ನಕ್ಕರು. "ನೀವು ನೀರ ನೋಡ್ರಿ. ಹೊಲ ನಾ ನೋಡತೇನಿ."

ಸಂಜೆ ಪ್ರಯೋಗಾಲಯದಲ್ಲಿ ಅವರಿಗೆ ಅತ್ಯಂತ ಪ್ರಿಯವಾದ ಗಳಿಗೆ ಬರುತ್ತಿತ್ತು. ನೈಟ್ರೇಟ್ ಪರೀಕ್ಷೆಯಲ್ಲಿ ನೀರಿಗೆ ಹಳದಿ ಬಣ್ಣ ಬರುತ್ತದೆ. ಲವಣ ಹೆಚ್ಚಿದಷ್ಟೂ ಬಣ್ಣ ಗಾಢ. ಆರು ಗಾಜಿನ ನಳಿಕೆಗಳನ್ನು ಕಿಟಕಿಯ ಬೆಳಕಿಗೆ ಸಾಲಾಗಿ ನಿಲ್ಲಿಸಿದಾಗ, ಗುಡ್ಡದ್ದು ಬಹುತೇಕ ಬಿಳಿ, ಎರಡನೆಯದು ನಿಂಬೆಹಣ್ಣಿನ ಸಿಪ್ಪೆಯ ಹಾಗೆ, ಮೂರು ಮತ್ತು ನಾಲ್ಕು ಅರಿಸಿನ, ಐದನೆಯದು ಒಂದು ಚೂರು ತಿಳಿ, ಆರನೆಯದು ಮತ್ತೆ ಗಾಢ. ಅವರು ಕೈ ಹಿಂದೆ ಕಟ್ಟಿಕೊಂಡು, ಬಹಳ ಹೊತ್ತು ನೋಡುತ್ತ ನಿಲ್ಲುತ್ತಿದ್ದರು. ಐದನೆಯದು ಏಕೆ ತಿಳಿಯಾಯಿತು ಎಂದು ನಾನು ಕೇಳಿದೆ. "ಅಲ್ಲಿ ಗಾಯರಾಣದ ಕಡಿಂದ ಒಂದು ಸಣ್ಣ ಹಳ್ಳ ಬಂದು ಕೂಡತೈತ್ರಿ. ದನಾ ಮೇಯೂ ಜಾಗಾ, ಯಾರೂ ಬಿತ್ತಿಲ್ಲ. ಅದು ಇರೂತನಕ ಅಷ್ಟರ ತಿಳಿ ಇರತೈತಿ" ಎಂದರು.

ಅವರ ಹತ್ತಿರ ಒಂದು ಉದ್ದನೆಯ ವಹಿ ಇತ್ತು. ಕೆಲಸಕ್ಕೆ ಸೇರಿದಾಗಿನಿಂದ ಪ್ರತಿ ತಿಂಗಳ ಆರು ಅಂಕಿಗಳು ಅದರಲ್ಲಿದ್ದವು. ಅದು ಯಾವ ಕಚೇರಿಯಲ್ಲಿಯೂ ಇರಬಹುದಾದ ವಿಷಯ. ಆದರೆ ಅಂಕಿಗಳ ಪಕ್ಕದಲ್ಲಿ ಅವರು ಇನ್ನೊಂದು ಕಾಲಂ ಗೀಟಿ, ಅದಕ್ಕೆ "ಮೇಲೆ ಏನು ನಡೆದಿದೆ" ಎಂದು ತಲೆಬರಹ ಕೊಟ್ಟಿದ್ದರು. ಗುಡ್ಡಕ್ಕೆ ಕುರಿ ಬಂದಿವೆ. ಎರಡರ ಮೇಲೆ ಹೊಸ ಬೋರು, ಸೋಯಾ ತೆಗೆದು ಕಬ್ಬು ಹಚ್ಚಿದ್ದಾರೆ. ನಾಲ್ಕರ ಹತ್ತಿರ ಇಟ್ಟಿಗೆ ಭಟ್ಟಿ. ಗಾಯರಾಣದ ಅರ್ಧ ಒಡೆದು ಬಿತ್ತಿದ್ದಾರೆ. ಹೀಗೆ ಪುಟಪುಟವೂ. ಎಡಗಡೆ ಭೂಮಿ ಬದಲಾದರೆ, ಬಲಗಡೆ ಎರಡೋ ಮೂರೋ ಮಳೆಗಾಲ ದಾಟಿದ ಮೇಲೆ ಅಂಕಿ ಬದಲಾಗುತ್ತಿತ್ತು. ಯಾರೂ ಹೇಳಿಕೊಡದೆ, ಯಾರೂ ಕೇಳದೆ ಅವರು ಅದನ್ನು ಬರೆದಿದ್ದರು. ಅಂಥ ವಹಿಯನ್ನು ನಾನು ಮತ್ತೆ ಎಲ್ಲಿಯೂ ನೋಡಿಲ್ಲ.

ವಹಿಗೆ ಒಂದು ಉದ್ದೇಶವಿತ್ತು. ನದಿಯ ನೀರನ್ನು ಶುದ್ಧಮಾಡಿ ಹಳ್ಳಿಗಳಿಗೆ ಕೊಡುವ ಒಂದು ಯೋಜನೆಗೆ ಊರುಗಳ ಪಟ್ಟಿ ಸಿದ್ಧವಾಗುತ್ತಿತ್ತು. ಸದ್ಯದ ನೀರು ಕುಡಿಯಲು ಯೋಗ್ಯವಲ್ಲವೆಂದು ದಾಖಲೆಯಿಂದ ತೋರಿಸಿದ ಊರಿಗೆ ಮಾತ್ರ ಪಟ್ಟಿಯಲ್ಲಿ ಜಾಗ. ಅವರ ಊರಿನ ಅರ್ಜಿ ಹೋಗಿತ್ತು, ಅದರ ಜೊತೆಗೆ ಲಗತ್ತಾಗಿ ವಹಿಯ ನಕಲು.

ನೈಟ್ರೇಟ್ ಹೆಚ್ಚಿದ ನೀರು ದೊಡ್ಡವರನ್ನು ಕೂಡಲೇ ಏನೂ ಮಾಡುವುದಿಲ್ಲ. ಪುಡಿ ಹಾಲಿನ ಮೇಲಿರುವ ಎಳೆಗೂಸುಗಳಿಗೆ ಅದು ಅಪಾಯ. ಒಮ್ಮೆ ಅವರ ಊರಿನಲ್ಲಿ ಬಾವಿಯ ಹತ್ತಿರ ನಿಂತಿದ್ದಾಗ ಬಾಣಂತಿಯೊಬ್ಬಳ ತಾಯಿ ಬಂದು, "ಕುದಿಸಿ ಆರಿಸಿ ಕುಡಿಸಿದ್ರ ಆತಲ್ಲೋ ಯಣ್ಣಾ?" ಎಂದು ಕೇಳಿದಳು.

"ಇಲ್ಲವಾ. ಇದು ಹುಳಾ ಅಲ್ಲ, ಸಾಯಾಕ. ಕುದಿಸಿದಷ್ಟು ನೀರು ಇಂಗತೈತಿ, ಇದು ಉಳೀತೈತಿ. ಇನ್ನಷ್ಟ ಗಟ್ಟಿ ಆಗತೈತಿ."

"ಡಾಕ್ಟರ್ ಕುದಿಸ್ರಿ ಅಂದಾರಲ್ಲೋ."

"ಅವರು ಹೇಳಿದ್ದು ಬ್ಯಾರೆ ರೋಗಕ್ಕವಾ."

ಆ ಮುದುಕಿ ಅವರನ್ನು ನಂಬಲಿಲ್ಲ. ನಂಬಿದ್ದರೆ ಮಾಡುವುದೇನಿತ್ತು? ಅವರು ಸೆಲೆಗೆ ಹೋದಾಗಲೆಲ್ಲ ಬಾಟಲಿಯ ಜೊತೆಗೆ ಒಂದು ಕ್ಯಾನು ತುಂಬಿ ತಂದು, ಎಳೆಗೂಸಿದ್ದ ಮನೆಗೆ ಕೊಡುತ್ತಿದ್ದರು. ನಾನು ಅದನ್ನು ಹೊಗಳಿದೆ. ಅವರಿಗೆ ಹಿಡಿಸಲಿಲ್ಲ. "ನಾಕ ದಿನ ಬರತೈತ್ರಿ ಇದು. ಉಳಿದ ಇಪ್ಪತ್ತಾರ ದಿನದ್ದ ಯಾರ ತರಬೇಕು?" ಎಂದು ಕೇಳಿದರು.

ಆ ವರ್ಷ ಮುಂಗಾರು ಆರಂಭವಾಗುವ ಹೊತ್ತಿಗೆ ಮೇಲಿನ ಕಚೇರಿಯಿಂದ ಒಂದು ಪತ್ರ ಬಂತು. ಅರ್ಜಿಯನ್ನು ಪರಿಶೀಲಿಸುವ ಸಲುವಾಗಿ, ಮೊದಲ ಮಳೆಯ ನಂತರದ ಆರು ಮಾದರಿಗಳನ್ನು ಬೆಳಗಾವಿಗೆ ಕಳುಹಿಸಬೇಕು. ನೈಟ್ರೇಟ್ ಪರೀಕ್ಷೆ ಅಲ್ಲಿಯೂ ಆಗಬೇಕು, ಇಲ್ಲಿಯೂ ಆಗಬೇಕು. ಸಾಗಣೆಗೆ ಎರಡು ದಿನ ಹಿಡಿಯುವುದರಿಂದ ಮಾದರಿಗಳನ್ನು ಆಮ್ಲ ಸೇರಿಸಿ ಸಂರಕ್ಷಿಸಬೇಕು. ಯಾವ ಆಮ್ಲ ಎಂದು ಪತ್ರದಲ್ಲಿ ಇರಲಿಲ್ಲ. ಅಲ್ಲಿಯವರೆಗೆ ನೀರು ಅದೇ ದಿನ ಬಂದು ಅದೇ ದಿನ ಪರೀಕ್ಷೆಯಾಗುತ್ತಿದ್ದುದರಿಂದ ನಮ್ಮಲ್ಲಿ ಆಮ್ಲ ಹಾಕುವ ರೂಢಿಯೇ ಇರಲಿಲ್ಲ.

ಒಂದು ಫೋನ್ ಮಾಡಿ ಕೇಳಬಹುದಾಗಿತ್ತು. ನಾನು ಕೇಳಲಿಲ್ಲ. ಬಿ.ಎಸ್ಸಿ. ಮಾಡಿದವಳಿಗೆ ಇಷ್ಟೂ ಗೊತ್ತಿಲ್ಲವೇ ಎಂದು ಆ ಕಡೆಯವರು ಅಂದುಕೊಂಡರೆ ಎಂಬ ಯೋಚನೆ. ಪುಸ್ತಕ ತೆರೆದೆ. ಮಾದರಿಗೆ ನೈಟ್ರಿಕ್ ಆಮ್ಲ ಸೇರಿಸಬೇಕೆಂದು ಒಂದು ಪುಟದಲ್ಲಿತ್ತು. ಅದು ಲೋಹಗಳ ಪರೀಕ್ಷೆಗೆ ಸಂಬಂಧಿಸಿದ ಪುಟ ಎಂಬುದನ್ನು, ಮೇಲಿನ ಸಾಲು ಓದುವಷ್ಟು ಸಮಾಧಾನವಿಲ್ಲದ ನಾನು ನೋಡಲಿಲ್ಲ. ನೈಟ್ರೇಟಿಗೆ ನೈಟ್ರಿಕ್ ಎಂಬುದು ಕೇಳಲೂ ಸರಿಯಾಗಿಯೇ ಇತ್ತು.

ಅವರು ಮಳೆಯಲ್ಲಿ ತೊಯ್ದು ಆರು ಬಾಟಲಿ ತಂದಿದ್ದರು. ಕಪಾಟಿನಲ್ಲಿ ಎರಡು ಆಮ್ಲದ ಬಾಟಲಿಗಳಿದ್ದವು: ಸಲ್ಫ್ಯೂರಿಕ್ ಬಿಳಿ ಗಾಜಿನದು, ನೈಟ್ರಿಕ್ ಕಂದು ಗಾಜಿನದು. ಇಂಗ್ಲಿಷಿನಲ್ಲಿದ್ದ ಹೆಸರುಗಳನ್ನು ಅವರು ಓದುತ್ತಿರಲಿಲ್ಲ. ಬಣ್ಣದಿಂದ ಮತ್ತು ಇಟ್ಟ ಜಾಗದಿಂದ ಗುರುತಿಸುತ್ತಿದ್ದರು.

"ಯಾವುದ ತಗೀಲಿರಿ ಮೇಡಂ?"

"ಕಂದು ಬಾಟಲಿ."

ಅವರು ಅದನ್ನು ತೆಗೆದು ಕಟ್ಟೆಯ ಮೇಲಿಟ್ಟರು. "ಹಳ್ಳದ ನೀರಿಗೆ ನಾವು ಹೊರಗಿನದು ಏನೂ ಹಾಕಿದ್ದಿಲ್ರಿ ಈತನಕ. ಹಾಕಿದ್ರ ನಡೀತೈತೇನರಿ?"

ಆ ಪ್ರಶ್ನೆಯಲ್ಲಿ ನನ್ನ ಇಡೀ ಪದವಿಗಿಂತ ಹೆಚ್ಚಿನ ತಿಳಿವಳಿಕೆ ಇತ್ತು. "ಪುಸ್ತಕದಲ್ಲಿ ಹಾಗೇ ಇದೆ" ಎಂದೆ ನಾನು.

"ಹಂಗಾದ್ರ ಖರೇ ಇರಬೇಕು" ಎಂದು ಅವರು ಪಕ್ಕಕ್ಕೆ ಸರಿದರು. ಆರೂ ಬಾಟಲಿಗಳಿಗೆ ನಾನೇ ನನ್ನ ಕೈಯಿಂದ ಆಮ್ಲ ಹಾಕಿದೆ. ಅರ್ಧ ನೀರನ್ನು ಬೆಳಗಾವಿಗೆ ಕಳುಹಿಸಿದೆವು. ಉಳಿದ ಅರ್ಧವನ್ನು, ಎರಡೂ ಕಡೆ ಒಂದೇ ರೀತಿ ಆಗಲೆಂದು, ಎರಡು ದಿನ ಬಿಟ್ಟು ಪರೀಕ್ಷೆ ಮಾಡಿದೆ.

ನಳಿಕೆಗಳನ್ನು ಕಿಟಕಿಗೆ ನಿಲ್ಲಿಸಿದಾಗ ಆರೂ ಒಂದೇ ಬಣ್ಣವಾಗಿದ್ದವು. ಗುಡ್ಡದ್ದೂ ಅರಿಸಿನ, ನಮ್ಮ ಹೊಲದ್ದೂ ಅರಿಸಿನ, ಬಾವಿಯ ಪಕ್ಕದ್ದೂ ಅರಿಸಿನ. ಅವರು ಕಟ್ಟಿದ್ದ ಕೈ ಬಿಚ್ಚಿ, ಒಂದನೆಯ ನಳಿಕೆಯನ್ನು ಎತ್ತಿ ಬೆಳಕಿಗೆ ಹಿಡಿದು, ಮತ್ತೆ ಇಟ್ಟರು. "ಗುಡ್ಡದಾಗ ಏನಾತು?" ಎಂದರು. ನನ್ನನ್ನು ಕೇಳಿದಂತೆ ಇರಲಿಲ್ಲ.

ಹತ್ತು ದಿನಗಳ ನಂತರ ಮೇಲಿನ ಅಧಿಕಾರಿಯೊಬ್ಬರು ಬಂದರು. ಬೆಳಗಾವಿಯ ವರದಿಯಲ್ಲೂ ಆರೂ ಅಂಕಿಗಳು ಒಂದೇ ಸಮ ಮುಗಿಲಿಗೆ ಏರಿದ್ದವು. ಅಧಿಕಾರಿ ಕುರ್ಚಿಯಲ್ಲಿ ಕುಳಿತು, ಕಾಗದವನ್ನು ಮೇಜಿನ ಮೇಲೆ ಇಟ್ಟು, ನಗುತ್ತಲೇ ಕೇಳಿದರು: "ಏನ್ರಿ, ಗುಡ್ಡದಾಗಿನ ಹುಲ್ಲಿಗೂ ಯೂರಿಯಾ ಹಾಕತಾರೇನು ನಿಮ್ಮ ಕಡೆ?"

ಆಮೇಲೆ ಕಾಗದ ತಿರುವಿದರು.

"ಆಮ್ಲ ಯಾವುದು ಹಾಕಿದಿರಿ?"

ಆ ಗಳಿಗೆಯಲ್ಲಿ, ಅದಕ್ಕಿಂತ ಮೊದಲಲ್ಲ, ನನಗೆ ಅರ್ಥವಾಯಿತು. ನೈಟ್ರಿಕ್ ಆಮ್ಲದೊಳಗೇ ನೈಟ್ರೇಟ್ ಇದೆ. ಉಪ್ಪು ಎಷ್ಟಿದೆ ಎಂದು ನೋಡಬೇಕಾದ ಸಾರಿಗೆ ನಾನೇ ಹಿಡಿ ಉಪ್ಪು ಹಾಕಿ ಕಳುಹಿಸಿದ್ದೆ. ಮೊದಲ ವರ್ಷದ ವಿದ್ಯಾರ್ಥಿಯೂ ಮಾಡದ ತಪ್ಪು. ಗುಮಾಸ್ತರು ನೋಡುತ್ತಿದ್ದರು, ಕಾಕಾ ಬಾಗಿಲ ಹತ್ತಿರ ನಿಂತಿದ್ದರು. ಈಗ ನಿಜ ಹೇಳಿದರೆ ದಡ್ಡಿ ಎನ್ನುತ್ತಾರೆ. ಮೂರನೆಯ ಜಾಗದ ಹೊಲ ಯಾರದೆಂದು ತಿಳಿದ ಮೇಲೆ, ಅಪ್ಪನನ್ನು ಉಳಿಸಲು ಬೇಕೆಂದೇ ಮಾಡಿದಳು ಎನ್ನುತ್ತಾರೆ. ಇಷ್ಟೆಲ್ಲ ಯೋಚಿಸಲು ಎಷ್ಟು ಸಮಯ ಬೇಕಾಯಿತೋ ತಿಳಿಯದು.

"ಸಲ್ಫ್ಯೂರಿಕ್, ಸರ್" ಎಂದೆ.

ಅದು ಸರಿಯಾದ ಉತ್ತರವಾಗಿತ್ತು. ಅಧಿಕಾರಿ ತಲೆಯಾಡಿಸಿದರು. "ಹಂಗಾದ್ರ ಆಮ್ಲದ್ದಲ್ಲ. ಬಾಟಲಿ ತೊಳದವರು ಯಾರು?"

"ನಾನರಿ ಸಾಹೇಬ್ರ."

"ನಿಮ್ಮ ಊರು ಯಾವುದು?"

ಅವರು ಊರಿನ ಹೆಸರು ಹೇಳಿದರು. ಅಧಿಕಾರಿ ಕಡತದೊಳಗೆ ನೋಡಿ, ಮತ್ತೆ ಅವರ ಮುಖ ನೋಡಿದರು. "ಅರ್ಜಿ ಕೊಟ್ಟಿದ್ದೂ ಇದ ಊರು. ನೀರು ತಂದವರೂ ಇದ ಊರಿನವರು. ನೋಡ್ರಿ, ಬೇಕಂತ ಏನರ ಕೂಡಿಸಿದ್ರಂತ ಬರೀಬೇಕು, ಇಲ್ಲ, ಬಾಟಲಿ ಸರಿ ತೊಳದಿಲ್ಲಂತ ಬರೀಬೇಕು. ಎರಡರಾಗ ಯಾವುದು?"

ಅವರು ತಮ್ಮ ಎರಡೂ ಕೈಗಳನ್ನು ಮುಂದೆ ಹಿಡಿದು ನೋಡಿಕೊಂಡರು. ನಾನು ಆಗಲೂ ಬಾಯಿ ತೆರೆಯಲಿಲ್ಲ.

"ತೊಳದಿರಲಿಕ್ಕಿಲ್ರಿ" ಎಂದರು ಕೊನೆಗೆ. "ಮಳಿಯಾಗ ಕೈ ಥಂಡಿ ಆಗಿದ್ದೂ. ಏನೋ ತಪ್ಪಿರಬೇಕು."

ತಪ್ಪು ಆಮ್ಲದ್ದು ಎಂದು ಗೊತ್ತಾಗಿದ್ದರೆ ಆ ಆರು ಬಾಟಲಿಗಳು ಮಾತ್ರ ರದ್ದಾಗುತ್ತಿದ್ದವು. ಮುಂದಿನ ಮಳೆಗೆ ಬೇರೆ ನೀರು ತರಬಹುದಾಗಿತ್ತು. ತಪ್ಪು ಕೈಯದ್ದು ಎಂದಾದುದರಿಂದ, ಆ ಕೈ ತಂದ ನೀರೆಲ್ಲ, ಆ ಕೈ ಬರೆದ ವಹಿಯೆಲ್ಲ ಅನುಮಾನಕ್ಕೆ ಒಳಗಾಯಿತು. "ಹಿಂದಿನ ದಾಖಲೆಗಳೂ ವಿಶ್ವಾಸಾರ್ಹವಲ್ಲ" ಎಂಬ ಒಂದು ಸಾಲಿನೊಂದಿಗೆ ಅರ್ಜಿ ಮುಕ್ತಾಯವಾಯಿತು. ಪಟ್ಟಿ ಹೊರಬಂದಾಗ ಆ ಊರಿನ ಹೆಸರು ಇರಲಿಲ್ಲ.

ಅವರು ನನ್ನ ಮೇಲೆ ಅನುಮಾನಪಟ್ಟಿದ್ದರೆ ನನಗೆ ಸಹಿಸಲು ಸುಲಭವಾಗುತ್ತಿತ್ತು. ಅವರು ಪಡಲಿಲ್ಲ. ಎಲ್ಲಿ ತಪ್ಪಿದೆ ಎಂದು ತಮ್ಮ ಕೈಗಳಲ್ಲೇ ಹುಡುಕತೊಡಗಿದರು. ಬಾಟಲಿಗಳನ್ನು ಮೂರು ಸಲ ತೊಳೆಯುತ್ತಿದ್ದವರು ಏಳು ಸಲ, ಎಂಟು ಸಲ ತೊಳೆದರು. ತೊಳೆದದ್ದನ್ನು ಮರುದಿನ ಬಂದು ಮತ್ತೆ ತೊಳೆದರು. ಹಳ್ಳದಲ್ಲಿ ನಿಂತು ತುಂಬಿದ ಬಾಟಲಿಯನ್ನು ಚೆಲ್ಲಿ, ಮತ್ತೆ ತುಂಬಿ, ಮತ್ತೆ ಚೆಲ್ಲಿದ್ದರಿಂದ ಒಂದು ದಿನ ಕಿತ್ತೂರಿನ ಬಸ್ಸು ತಪ್ಪಿತಂತೆ. ಬೆರಳುಗಳ ಸಂದಿಯಲ್ಲಿ ಚರ್ಮ ಬೆಳ್ಳಗಾಗಿ ಸುಲಿದಿತ್ತು. "ಮೇಡಂ, ಇದನ್ನೊಮ್ಮೆ ನೋಡ್ರಿ, ಚೊಕ್ಕ ಆಗೈತೇನು?" ಎಂದು ಖಾಲಿ ಬಾಟಲಿಯನ್ನು ನನ್ನ ಮುಂದೆ ಹಿಡಿಯುತ್ತಿದ್ದರು. ನಾನು ಅದನ್ನು ಬೆಳಕಿಗೆ ಹಿಡಿದು, ಪರೀಕ್ಷಿಸಿದಂತೆ ಮಾಡಿ, "ಆಗಿದೆ" ಎನ್ನುತ್ತಿದ್ದೆ. ಹಳ್ಳಕ್ಕೆ ಹೋದಾಗಲೂ ಅವರು ನನ್ನನ್ನು ಮೇಡಂ ಎಂದೇ ಕರೆದರು. ವಹಿಯ ಬಲಗಡೆಯ ಕಾಲಂನಲ್ಲಿ ಅಂಕಿಗಳು ಮುಂದುವರಿದವು. ಎಡಗಡೆಯ ಕಾಲಂ, ಮೇಲೆ ಏನು ನಡೆದಿದೆ ಎಂಬುದು, ಖಾಲಿಯಾಗಿ ಉಳಿಯಿತು.

ಎರಡು ವರ್ಷಗಳಲ್ಲಿ ಪ್ರಯೋಗಾಲಯವನ್ನು ಬೈಲಹೊಂಗಲದಿಂದ ತೆಗೆದುಹಾಕಿದರು. ಅವರು ಅದೇ ಹೊತ್ತಿಗೆ ನಿವೃತ್ತರಾದರು. ನಾನು ಶಿಕ್ಷಕರ ಪರೀಕ್ಷೆ ಪಾಸಾಗಿ ರಾಮದುರ್ಗಕ್ಕೆ ಬಂದೆ. ಹೇಳಬೇಕು ಎಂದು ಎಷ್ಟೋ ಸಲ ಅಂದುಕೊಂಡೆ. ಒಮ್ಮೆ ಯರಗಟ್ಟಿಯ ಬಸ್ ನಿಲ್ದಾಣದಲ್ಲಿ ಅವರೇ ಕಂಡರು. ಹೆಂಡತಿಯ ತವರಾದ ಚಚಡಿಗೆ ಹೊರಟಿದ್ದರಂತೆ. ನನ್ನ ಬ್ಯಾಗನ್ನು ಬಲವಂತವಾಗಿ ತೆಗೆದುಕೊಂಡು ಬಸ್ಸಿನವರೆಗೆ ಹೊತ್ತರು. "ಪಕ್ಕಾ ನೌಕರಿ ಆತಲ್ಲರಿ. ಚೊಲೋ ಆತು" ಎಂದರು. ಆಮೇಲೆ, ನಾನು ಕೇಳದಿದ್ದರೂ, "ಗಾಯರಾಣ ಪೂರಾ ಒಡದಾರ್ರಿ. ಈಗ ಐದನೇದೂ ತಿಳಿ ಇರೂದಿಲ್ಲ" ಎಂದರು. ನನ್ನ ಬಸ್ಸು ಹೊರಟಿತು. ಬಸ್ಸು ಹೊರಟಿತು ಎಂಬುದು ನೆಪ. ಅದು ಇನ್ನೂ ಹತ್ತು ನಿಮಿಷ ಅಲ್ಲಿಯೇ ನಿಂತಿತ್ತು.

ಸುದ್ದಿ ಬಂದ ಮೂರನೆಯ ದಿನ ನಾನು ಅವರ ಊರಿಗೆ ಹೋದೆ. ಪಡಸಾಲೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ಅವರ ಭಾವಚಿತ್ರ, ಮುಂದೆ ಮೇಣದ ಬತ್ತಿ. ಅವರ ಹೆಂಡತಿ ಗೋಡೆಗೆ ಒರಗಿ ಕುಳಿತಿದ್ದರು. ನನ್ನ ಗುರುತು ಹೇಳಿಕೊಂಡೆ.

"ಗೊತ್ತೈತಿ ಬಾ ತಂಗಿ. ಭಾಳ ಹೇಳತಿದ್ರು. ಕಲತ ಹುಡುಗಿ, ಏನ ಕೇಳಿದ್ರೂ ಪುಸ್ತಕ ನೋಡಿ ಹೇಳತಾಳ ಅಂತ."

ನಾನು ಅವರ ಎದುರಿಗೆ ಕುಳಿತು, ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳನ್ನು ಹೇಳಿದೆ. ಆ ವರ್ಷ ನೀರು ಕೆಟ್ಟದ್ದು ಅವರ ಕೈಯಿಂದ ಅಲ್ಲ. ನಾನು ತಪ್ಪು ಆಮ್ಲ ಹಾಕಿದೆ. ಕೇಳಿದಾಗ ಸುಳ್ಳು ಹೇಳಿದೆ. ಅವರ ಬಾಟಲಿಗಳು ಯಾವಾಗಲೂ ಚೊಕ್ಕವಾಗಿದ್ದವು. ಈ ಊರಿಗೆ ನದಿ ನೀರು ಬರದಿರುವುದಕ್ಕೆ ಕಾರಣ ನಾನು.

ಅವರು ಕೊನೆಯವರೆಗೆ ಕೇಳಿದರು. ಮುಖದಲ್ಲಿ ಸಿಟ್ಟು ಕಾಣಲಿಲ್ಲ. ಅದು ಬರಬಹುದೆಂದು ಕಾಯ್ದೆ.

"ಸಾಯೂತನಕ ಅವರೂ ಹಿಂಗ ಅಂತಿದ್ರವಾ, ತಪ್ಪ ನಂದು, ತಪ್ಪ ನಂದು ಅಂತ" ಎಂದರು. "ಈಗ ನೀ ಅಂತಿ. ಮನಶ್ಯಾ ಹೋದ ಮ್ಯಾಲ ಎಲ್ಲಾರಿಗೂ ಹಂಗ ಅನಸ್ತೈತಿ."

"ಅನಿಸುವುದಲ್ಲ ಅವ್ವಾ, ನಿಜವಾಗಿ ನಡೆದದ್ದು. ನಾನು ಬರೆದು ಕೊಡುತ್ತೇನೆ. ಅವರ ವಹಿ ಇದ್ದರೆ, ಅದರ ಜೊತೆಗೆ ಮತ್ತೆ ಅರ್ಜಿ ಹಾಕಬಹುದು."

"ವಹಿ ಎಲ್ಲೈತಿ? ಆಫೀಸ್ ಖಾಲಿ ಮಾಡೂಮುಂದ ರದ್ದಿಗೆ ಹಾಕಿದ್ರಂತ. ಕೇಳಾಕ ಹೋಗಿದ್ರು ಇವರು. ನಕಲಂತೂ ಬೆಳಗಾವ್ಯಾಗ ಎಲ್ಲಿ ಒಗದಾರೋ."

ಪಕ್ಕದ ಮನೆಯ ಹೆಂಗಸು ಬಾಗಿಲಿನಿಂದಲೇ ಇಣುಕಿ, "ಯಕ್ಕಾ, ನಳಾ ಬಂತು ನೋಡ" ಎಂದಳು. ಅವಳ ಸೊಂಟದ ಮೇಲೆ ಒಂದು ಎಳೆಗೂಸಿತ್ತು.

ಅವರ ಹೆಂಡತಿ ಮೊಣಕಾಲಿನ ಮೇಲೆ ಕೈಯೂರಿ ಎದ್ದರು. ಮೂಲೆಯಲ್ಲಿದ್ದ ಎರಡು ಕೊಡಗಳನ್ನು ಎತ್ತಿಕೊಂಡು, ನನ್ನ ಕಡೆಗೆ ತಿರುಗಿ, ಸಮಾಧಾನ ಹೇಳುವವರ ಧ್ವನಿಯಲ್ಲಿ ಹೇಳಿದರು:

"ತಪ್ಪ ಯಾರದರ ಇರಲಿ ತಂಗಿ. ನೀರಂತೂ ಅದ ಐತಿ. ಕುಂದರು, ತುಂಬಿಕೊಂಡ ಬಂದು ಚಾ ಮಾಡತೇನಿ."